ಅಂಗಡಿಗಳ ಹಣೆಬರಹ

ಈ ಊರಿನ ಹಣೆಬರಹ ಬರೆದವನು ನಾನು.
ನಗಬೇಡಿ. ಅಕ್ಷರಕ್ಕೆ ಆರು ಸೆಂಟು,
ನೆರಳು ಬೇಕಿದ್ದರೆ ಒಂಬತ್ತು,
ಚಿನ್ನದ ರೇಕಿನ ದರ ಕೂತು ಮಾತಾಡಬೇಕು.

ಮಿಸಿಸಿಪ್ಪಿ ಸೊಂಟ ಹೊರಳಿಸಿದಲ್ಲಿ ಪೆಲ್ಟನ್ಸ್ ಬೆಂಡ್.
ಬೀದಿಗೆ ಜಲ್ಲಿಯಿಲ್ಲ ಇಲ್ಲಿ, ಹೊಳೆಯ ಚಿಪ್ಪು;
ಕಾರ್ಖಾನೆ ಕೊರೆದು ಬಿಸಾಡಿದ್ದು,
ಅಂಗಿಗೆ ಗುಂಡಿ ತೆಗೆದಲ್ಲಿ ಉಳಿದದ್ದೂ ಗುಂಡಿಯೇ.
ಬಂಡಿ ಹೋದರೆ ಬೀದಿ ಹಲ್ಲು ಕಡಿಯುತ್ತದೆ.

ಬ್ಯಾಂಕಿನ ಗೋಪುರಕ್ಕೆ ನಾಲ್ಕು ಮುಖ, ನಾಲ್ಕು ಹೊತ್ತು.
ಅಂಕಿ ನನ್ನವು, ಮುಳ್ಳಿಗೆ ನಾನು ಹೊಣೆಯಲ್ಲ.
ಸಾಲ ಕೇಳುವವರು ಮೂಡಣ ಗಡಿಯಾರ ನೋಡುತ್ತಾರೆ,
ತೀರಿಸುವವರು ಪಡುವಣದ್ದು.
ಆಪೆರಾ ಹೌಸಿನಲ್ಲಿ ಆಪೆರಾ ನಡೆದದ್ದು ಯಾರಿಗೂ ನೆನಪಿಲ್ಲ;
ಲೆಕ್ಕ ಬಲ್ಲ ನಾಯಿಗಳು ಬಂದಿದ್ದವು ಒಮ್ಮೆ,
ಏಳೆಂಟ್ಲಿ ಎಷ್ಟೆಂದರೆ ಐವತ್ತಾರು ಸಲ ಬೊಗಳಿದವು,
ಐವತ್ತೇಳನೆಯದು ಮೇಯರನ ಹೆಂಡತಿಯ ಟೋಪಿಗೆ.

ಎಫ್ರೈಮ್ ಟ್ರೂಬ್ ತೊಟ್ಟಿಲನ್ನೂ ಮಾಡುತ್ತಾನೆ, ಶವದ ಪೆಟ್ಟಿಗೆಯನ್ನೂ,
ಒಂದೇ ವಾಲ್‌ನಟ್ ಮರದಲ್ಲಿ.
‘ಎರಡನೆಯ ಸಾಲು ಚಿಕ್ಕದಾಗಿ ಬರಿ,’ ಅಂದ,
‘ಬೇಕಾದವರು ಹುಡುಕಿಕೊಂಡು ಬರುತ್ತಾರೆ.’

ಬೊಹೀಮಿಯಾದಿಂದ ಬಂದ ದರ್ಜಿ ವಾತ್ಸ್ಲಾವ್ ಹ್ರುಷ್ಕನ ಹಲಗೆಯಲ್ಲಿ
ಒಂದು ಅಕ್ಷರ ನುಂಗಿಬಿಟ್ಟೆ, ಹಿಂದಿನ ರಾತ್ರಿಯ ಬಿಯರು.
ತಿದ್ದುತ್ತೇನೆಂದೆ. ಬೇಡ, ಬಣ್ಣ ದಂಡ ಅಂದ.
ಊರು ಹಲಗೆ ನೋಡಿ ಕರೆಯಿತು, ಅಂಚೆಯೂ ಹಾಗೇ ಬಂತು.
ಮೊನ್ನೆ ಮಗಳ ಮದುವೆಯ ಕಾಗದದಲ್ಲೂ ಅದೇ ಹೆಸರು:
ನನ್ನ ಕೈತಪ್ಪು ಅವರ ಮನೆತನ.

ಹೋಸಿಯಾ ಕ್ರ್ಯಾಂಡಲ್‌ನ ಲಾಯದ ಗೋಡೆಗೆ
ಕಂದು ಕುದುರೆ ಬರೆದಿದ್ದೆ, ಎರಡಾಳೆತ್ತರ
(ಮುಂಗಾಲು ತುಸು ಉದ್ದವಾಯಿತು, ಒಪ್ಪುತ್ತೇನೆ).
ಹನ್ನೆರಡನೆಯ ಇಸವಿಯಲ್ಲಿ ಮಗ ಬಂದ: ಕುದುರೆ ಅಳಿಸು,
ಮೋಟಾರು ರಿಪೇರಿ, ಗ್ಯಾಸೊಲಿನ್ ಅಂತ ಬರಿ.
ಹೋಸಿಯಾ ಹಿಂದೆ ನಿಂತಿದ್ದ, ಕೈಯಲ್ಲಿ ಖಾಲಿ ಲಗಾಮು.
ಸುಣ್ಣವನ್ನು ನಾನು ತೆಳ್ಳಗೆ ಕಲಸಿದೆ.
ಈಗ ಮಳೆ ಬಿದ್ದು ಗೋಡೆ ನೆಂದ ದಿನ
ಗ್ಯಾಸೊಲಿನ್ನಿನ ನಡುವಿಂದ ಕುದುರೆ ಎದ್ದು ಬರುತ್ತದೆ,
ಬಿಸಿಲು ಬರುವತನಕ ನಿಲ್ಲುತ್ತದೆ.

ಇನ್ನೊಂದು ಹಲಗೆಯ ಮಾತು.

ಸ್ಟೇಷನ್ ರಸ್ತೆಯ ಲಾಂಡ್ರಿಯ ಲೀ ಯಿಕ್ ಸಾಮ್
ಕೆಂಪು ಕಾಗದ ತಂದ, ಅದರಲ್ಲಿ ಅವನ ನಾಡಿನ ಎರಡು ಅಕ್ಷರ.
ಎರಡಕ್ಕೆ ಹನ್ನೆರಡು ಸೆಂಟು, ನಾನು ಮನಸಲ್ಲೇ ಲೆಕ್ಕ ಹಾಕಿದೆ.
ಮೂರು ಬೆಳಗು ಹಿಡಿಯಿತು.
ಯಾವ ಗೀಟು ಮೊದಲು, ಎಲ್ಲಿ ಕುಂಚ ಒತ್ತಬೇಕು, ಎಲ್ಲಿ ತೇಲಬೇಕು,
ಗಂಜಿನೀರಿಗೆ ಬೆರಳದ್ದಿ ಮೇಜಿನ ಮೇಲೆ ಅವನು ಬರೆದು ತೋರುವನು;
ಒಣಗುವ ಮೊದಲೇ ನಾನು ಕಲಿಯಬೇಕು.
ಇಪ್ಪತ್ತು ವರ್ಷ ಅಕ್ಷರ ತುಂಬಿದವನು
ಅಕ್ಷರವನ್ನು ನೋಡಿದ್ದು ಆಗಲೇ ಇರಬೇಕು.
ಏನೆಂದು ಅರ್ಥ, ಕೇಳಿದೆ.
ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ನಕ್ಕ: ‘ಅವ್ವ ಕಂಡರೆ ಓದುತ್ತಾಳೆ.’

ಚಳಿಗಾಲದಲ್ಲಿ ಕಿಟಕಿಗೆ ಕಲ್ಲು ಬಿತ್ತು, ಮೂರು ಸಲ.
ಯಾರ ಮಕ್ಕಳೆಂದು ಊರಿಗೆ ಗೊತ್ತು;
ಅವರಪ್ಪಂದಿರ ಹಲಗೆಯೆಲ್ಲ ನನ್ನ ಕೈಯವೇ.
ನಾನೂ ಏನೂ ಅನ್ನಲಿಲ್ಲ.
ನಾಲ್ಕು ಹತ್ತರ ರೈಲಿಗೆ ಅವನು ಹೋದ,
ಮೇಯರನ ಅಂಗಿಗಳನ್ನು ಮಡಿಸಿ, ಗಂಟು ಕಟ್ಟಿ, ಚೀಟಿ ಸಿಕ್ಕಿಸಿಟ್ಟು.

ಕಟ್ಟಡದ ಧಣಿ ಕರೆದ: ಕೆರೆದು ಹಾಕು, ಎಪ್ಪತ್ತೈದು ಸೆಂಟು.
ಕೆರೆಯಲಿಲ್ಲ. ಹಲಗೆಯನ್ನೇ ಕಳಚಿ ಹೊತ್ತು ತಂದೆ,
ಬದಲಿಗೆ ಹೊಸದು ಕೊಟ್ಟೆ, ನನ್ನ ಖರ್ಚಿನಲ್ಲಿ.

ನನ್ನ ಅಂಗಡಿಗೆ ಹಲಗೆ ಇರಲಿಲ್ಲ, ಎಲ್ಲರೂ ಆಡಿಕೊಳ್ಳುತ್ತಿದ್ದರು.
ಈಗ ಒಳಗೆ, ಒಲೆಯ ಮೇಲ್ಗಡೆ, ಒಂದಿದೆ.
ಬಂದವರು ಕೇಳುತ್ತಾರೆ ಏನಿದೆ ಇದರಲ್ಲಿ ಎಂದು.
ಬರೆದವನು ನಾನು ಅನ್ನುತ್ತೇನೆ,
ಓದಲು ಬರುವುದಿಲ್ಲ.